ಚೌಡಿ ತಿರುವಿನ ಸ್ಟಾಪು

ನನ್ನ ಅಪ್ಪಯ್ಯ ದೇವರಿಗೆ ಕೈ ಮುಗಿದದ್ದನ್ನು ನಾನು ಮೊದಲ ಸಲ ನೋಡಿದ್ದು ಅವನ ಐವತ್ತಾರನೆಯ ವಯಸ್ಸಿನಲ್ಲಿ, ಅದೂ ಬಸ್ಸಿನ ಕಿಟಕಿಯಿಂದ. ಅಲ್ಲಿಯವರೆಗೆ ಅವನು ಕೈ ಮುಗಿಯುತ್ತಿದ್ದದ್ದು ಆರ್‌ಟಿಓ ಇನ್‌ಸ್ಪೆಕ್ಟರಿಗೆ ಮಾತ್ರ. ಅಮ್ಮ ಬದುಕಿದ್ದಾಗ ಹಬ್ಬದ ದಿನ ಆರತಿ ತಟ್ಟೆ ಹಿಡಿದು ಎದುರು ನಿಂತರೆ, "ನನ್ನ ಪಾಲಿಂದೂ ನೀನೇ ಬೇಡ್ಕಂಬಿಡು" ಎಂದು ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದ. ಅಂಥ ಮನುಷ್ಯ ರಸ್ತೆ ಬದಿಯ ಚೌಡಿ ಕಲ್ಲಿನ ಮುಂದೆ ನಿಂತು ಕೈ ಜೋಡಿಸಿದ್ದನ್ನು ನೋಡಿ, ಇವನಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಅಂದುಕೊಂಡೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಪ್ಪಯ್ಯ ಒಂದು ಖಾಸಗಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಹೊಸನಗರ ಬಿಟ್ಟು ತೀರ್ಥಹಳ್ಳಿ, ಮಧ್ಯಾಹ್ನದ ಹೊತ್ತಿಗೆ ವಾಪಸು, ಊಟ ಮಾಡಿ ಸಾಗರಕ್ಕೆ ಒಂದು ಟ್ರಿಪ್ಪು, ಸಂಜೆ ಮತ್ತೆ ಹೊಸನಗರ. ನಾನು ಸರ್ಕಾರಿ ಎಎನ್‌ಎಂ. ಹೆರಿಗೆ ಮಾಡಿಸುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ಊರವರ ಬಾಯಲ್ಲಿ ನಾನು ನರ್ಸಮ್ಮ. ತೀರ್ಥಹಳ್ಳಿ ದಾರಿಯಲ್ಲಿ ಮುಕ್ಕಾಲು ಗಂಟೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ನನ್ನ ಉಪಕೇಂದ್ರ. ದಿನಾ ಬೆಳಿಗ್ಗೆ ಅಪ್ಪಯ್ಯನ ಬಸ್ಸಿನಲ್ಲೇ, ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ನನಗಿನ್ನೂ ಮದುವೆಯಾಗಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ.

ಹೊಸನಗರ ಬಿಟ್ಟು ಅರ್ಧ ಗಂಟೆಗೆ ಒಂದು ದೊಡ್ಡ ತಿರುವು ಬರುತ್ತಿತ್ತು. ಒಂದು ಬದಿಗೆ ಧೂಪದ ಮರ, ಅದರ ಆಚೆ ಇಳಿಜಾರು, ಪೊದೆ. ಎದುರು ಬದಿಗೆ ಮೊಣಕಾಲೆತ್ತರದ ಕಲ್ಲು, ಅದೇ ಚೌಡಿ. ಆ ದಿನ ಅಪ್ಪಯ್ಯ ಅಲ್ಲಿ ಗಕ್ಕನೆ ಬಸ್ಸು ನಿಲ್ಲಿಸಿ, ಯಾರಿಗೂ ಏನೂ ಹೇಳದೆ ಇಳಿದು ಮರದ ಹಿಂದೆ ಹೋದ. ಸ್ವಲ್ಪ ಹೊತ್ತಿಗೆ ಬಂದವನು, ಬಸ್ಸಿನ ತುಂಬ ಜನ ತನ್ನನ್ನೇ ನೋಡುತ್ತಿರುವುದನ್ನು ಕಂಡು, ರಸ್ತೆ ದಾಟಿ ಕಲ್ಲಿಗೆ ಒಂದು ನಮಸ್ಕಾರ ಹೊಡೆದು ಹತ್ತಿದ. ಅಷ್ಟೇ ಆದದ್ದು. ಮರುದಿನವೂ ನಿಲ್ಲಿಸಿದ, ಅದರ ಮರುದಿನವೂ.

ನಾಲ್ಕನೆಯ ದಿನ ಒಬ್ಬಳು ಹೆಂಗಸು ದಾಸವಾಳ ಕಿತ್ತುಕೊಂಡು ಬಂದಿದ್ದಳು. ವಾರ ಕಳೆಯುವುದರೊಳಗೆ ಊದುಬತ್ತಿ ಬಂತು. ತಿಂಗಳಾಗುವಷ್ಟರಲ್ಲಿ ಅರ್ಧ ಬಸ್ಸು ಅಲ್ಲಿ ಇಳಿಯತೊಡಗಿತ್ತು. ನಮ್ಮ ಕಡೆ ಜನವೇ ಹಾಗೆ. ಡ್ರೈವರ್ ಒಂದು ಕಡೆ ಕೈ ಮುಗಿದನೆಂದರೆ ಅಲ್ಲಿ ಏನೋ ಇದೆ ಎಂದೇ ಲೆಕ್ಕ. ಅಲ್ಲಿ ಯಾವಾಗಲೋ ಲಾರಿ ಮಗುಚಿತ್ತು ಎಂದು ಒಬ್ಬರು, ಡ್ರೈವರಿಗೆ ಕನಸು ಬಿತ್ತಂತೆ ಎಂದು ಇನ್ನೊಬ್ಬರು. ಮುಂದಿನ ಸೀಟಿನಲ್ಲಿ ಕೂರುವ ಒಬ್ಬ ಯಜಮಾನರು ಇದ್ದರು. ಅರವತ್ತೈದರ ಮೇಲಿನವರು, ಮಳೆ ಇರಲಿ ಬಿಸಿಲಿರಲಿ ಕಂಕುಳಲ್ಲಿ ಕೊಡೆ. ತೀರ್ಥಹಳ್ಳಿ ಕೋರ್ಟಿನಲ್ಲಿ ಅವರದೊಂದು ಗಡಿ ತಕರಾರು ವರ್ಷಗಟ್ಟಲೆ ನಡೆಯುತ್ತಿತ್ತು. ತಿರುವು ಬರುವ ಮೊದಲೇ ಎದ್ದು ಬಾಗಿಲಲ್ಲಿ ನಿಲ್ಲುತ್ತಿದ್ದವರು ಅವರೇ. ಕೇಸು ಗೆಲ್ಲಬೇಕೆಂಬ ಭಕ್ತಿ ಅಂದುಕೊಂಡಿದ್ದೆ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಪಕೇಂದ್ರದ ಬಾಗಿಲಲ್ಲಿ ಬಸುರಿಯರು ಕಾಯುತ್ತಿರುತ್ತಾರೆ, ಇವನು ಇಲ್ಲಿ ಕಲ್ಲಿಗೆ ಕೈ ಮುಗಿದುಕೊಂಡು ನಿಲ್ಲುತ್ತಾನಲ್ಲ ಎಂದು. ಒಂದು ದಿನ ಮನೆಯಲ್ಲಿ ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟೆ.

"ಅಪ್ಪಯ್ಯ, ಅಮ್ಮ ಇದ್ದಾಗ ಒಂದಿನಾನೂ ಬರದಿದ್ದ ಭಕ್ತಿ ಈಗ ಎಲ್ಲಿಂದ ಬಂತು?"

"ವಯಸ್ಸಾಯ್ತಲ್ಲೆ" ಎಂದ. ತಲೆ ಎತ್ತಲಿಲ್ಲ.

"ವಯಸ್ಸಾದ್ರೆ ದಿನಾ ಹತ್ತು ನಿಮಿಷ ಲೇಟ್ ಮಾಡ್ಬೇಕಾ?"

"ನೀನು ಸಾರು ಬಡ್ಸು."

ಸಾರಿನ ಪಾತ್ರೆಯನ್ನು ಕುಕ್ಕಿ ಇಟ್ಟು ಒಳಗೆ ಹೋದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಈಗಲೂ ಎಲ್ಲರೂ ಹೇಳುತ್ತಾರೆ. ಆ ಸಿಟ್ಟಿನಲ್ಲಿ ಕಣ್ಣೆದುರಿಗೆ ಇದ್ದದ್ದೇ ನನಗೆ ಕಾಣಲಿಲ್ಲ. ರಾತ್ರಿ ಅವನು ನಾಲ್ಕೈದು ಸಲ ಎದ್ದು ಹಿತ್ತಿಲಿಗೆ ಹೋಗುವ ಸದ್ದು ನನಗೆ ಕೇಳುತ್ತಿತ್ತು. ಬೆಳಿಗ್ಗೆ ಕಾಫಿ ಬಿಟ್ಟಿದ್ದ, ಬಸ್ಸು ಹತ್ತುವ ಮುಂಚೆ ನೀರು ಮುಟ್ಟುತ್ತಿರಲಿಲ್ಲ. ಹೆಂಗಸರ ಮೈಯ ಒಳಹೊರಗೆಲ್ಲ ಗೊತ್ತಿದ್ದ ನನಗೆ ಗಂಡಸರ ಮೈಯಲ್ಲಿ ಏನೇನಿದೆ ಎಂಬುದು ತರಬೇತಿಯ ಪುಸ್ತಕದ ಒಂದು ಚಿತ್ರದಷ್ಟೇ ಗೊತ್ತಿತ್ತು. ಆ ಪುಟವನ್ನು ನಾವು ಹುಡುಗಿಯರು ನಾಚಿಕೊಂಡು ಬೇಗ ಮಗುಚಿದ್ದೆವು.

ಅವನು ನನ್ನಿಂದ ಮುಚ್ಚಿಟ್ಟಿದ್ದಕ್ಕೆ ಕಾರಣಗಳಿದ್ದವು. ಅದೇ ಬಸ್ಸಿಗೆ ಅಪ್ಪಯ್ಯನ ಮುಂಚೆ ಇದ್ದ ಡ್ರೈವರಿಗೆ ಕಣ್ಣು ಮಂಜಾಗಿದೆ ಎಂದು ಗೊತ್ತಾದ ದಿನವೇ ಮಾಲೀಕರು ಕೆಲಸ ಬಿಡಿಸಿದ್ದರು. ಅವನು ಆಮೇಲೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಬಂದ ಬಸ್ಸುಗಳ ಹಾರ್ನ್ ಕೇಳಿ ಯಾವ ಬಸ್ಸು ಎಂದು ಹೇಳುವುದನ್ನೇ ಕಸುಬು ಮಾಡಿಕೊಂಡಿದ್ದ. ಅಪ್ಪಯ್ಯ ದಿನಾ ಅವನ ಮುಂದೆಯೇ ಬಸ್ಸು ತಿರುಗಿಸಬೇಕಿತ್ತು. ಇನ್ನೊಂದು ಕಾರಣ ನಾನೇ. ಎಮರ್ಜೆನ್ಸಿ ಮುಗಿದು ಬಹಳ ವರ್ಷವಾಗಿರಲಿಲ್ಲ. ಸಂತಾನಹರಣದ ಟಾರ್ಗೆಟ್ಟು ಹಿಡಿದು ನಾವು ಮನೆಮನೆ ತಿರುಗಿದ್ದನ್ನು ಜನ ಮರೆತಿರಲಿಲ್ಲ. ನನ್ನ ಬಿಳಿ ಸೀರೆ ಅಂಗಳದಲ್ಲಿ ಕಂಡರೆ ಗಂಡಸರು ಹಿತ್ತಿಲ ಬಾಗಿಲಿಂದ ಪರಾರಿ. ಸೊಂಟದ ಕೆಳಗಿನ ಯಾವ ಮಾತನ್ನೂ ಯಾವ ಗಂಡಸೂ ನನ್ನ ಹತ್ತಿರ ಆಡುತ್ತಿರಲಿಲ್ಲ. ನನ್ನ ಅಪ್ಪನೂ ಒಬ್ಬ ಗಂಡಸು ಎಂಬುದು ನನಗೆ ಹೊಳೆದಿರಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಬರಬರುತ್ತ ಅಪ್ಪಯ್ಯ ಮರದ ಹಿಂದೆ ನಿಲ್ಲುವ ಹೊತ್ತೂ ಹೆಚ್ಚಾಯಿತು, ಕಲ್ಲಿನ ಮುಂದೆ ನಿಲ್ಲುವ ಹೊತ್ತೂ ಹೆಚ್ಚಾಯಿತು. ಮೊದಮೊದಲು ನೊಣ ಹೊಡೆದಂತೆ ಮುಗಿಯುತ್ತಿದ್ದ ಕೈ ಈಗ ಎದೆಯ ಮೇಲೇ ಇರುತ್ತಿತ್ತು. ಬಸ್ಸಿನ ಇಂಜಿನ್ ಮಾತ್ರ ಗುರ್ ಎನ್ನುತ್ತಲೇ ಇರಬೇಕು. ಅದರ ಸೆಲ್ಫು ಕೆಟ್ಟು ಎಷ್ಟೋ ಕಾಲವಾಗಿತ್ತು. ಆಫ್ ಮಾಡಿದರೆ ಜನ ಇಳಿದು ತಳ್ಳಬೇಕಿತ್ತು. ಕಂಡಕ್ಟರ್ ಬಾಗಿಲಿಗೆ ಒರಗಿ ಸೀಟಿ ಕಚ್ಚಿಕೊಂಡು, "ಅಣ್ಣಾ, ಟೈಮಾಯ್ತು" ಎಂದು ಮರದ ಕಡೆ ಮುಖ ಮಾಡಿ ಕೂಗುತ್ತಿದ್ದ.

ಆ ವರ್ಷ ಮಳೆ ಹಿಡಿದ ಮೊದಲ ವಾರ ಅಪ್ಪಯ್ಯನಿಗೆ ಜೋರು ನೆಗಡಿಯಾಯಿತು. ಕಣ್ಣಲ್ಲಿ ಮೂಗಲ್ಲಿ ನೀರು. ಇಷ್ಟು ಜನರನ್ನು ಕೂರಿಸಿಕೊಂಡು ಸೀನುತ್ತ ಬಸ್ಸು ಬಿಡುತ್ತಾನಲ್ಲ ಎಂದು ನಾನು ನನ್ನ ಬ್ಯಾಗಿನಿಂದ ನೆಗಡಿ ಮಾತ್ರೆ ತೆಗೆದು ಕೊಟ್ಟೆ. ರಾತ್ರಿ ಒಂದು, ಬೆಳಿಗ್ಗೆ ಇನ್ನೊಂದು. ಮೂಗು ಸೋರುವುದೇನೋ ನಿಂತಿತು. ನೋಡು, ನನ್ನ ಮಾತ್ರೆ ಅಂದರೆ ಹೀಗೆ ಎಂದು ಹೆಮ್ಮೆಯಿಂದ ಅವನ ಹಿಂದೆ ಹೋಗಿ ಕೂತೆ.

ಚೌಡಿ ತಿರುವಿನಲ್ಲಿ ಅಪ್ಪಯ್ಯ ಇಳಿದು ಮರದ ಹಿಂದೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಕಲ್ಲಿನ ಮುಂದೆ ಮಂಡಿಯೂರಿದ. ಹೆಂಗಸರು, "ಎಂತಾ ಭಕ್ತಿ ನೋಡಿ" ಎಂದು ಪಿಸುಗುಟ್ಟಿದರು. ಹತ್ತಿ ಕೂತು ಗೇರು ಹಾಕಿದ. ಅವನ ಕತ್ತಿನ ಹಿಂಭಾಗದಲ್ಲಿ ಬೆವರು ಸಾಲುಗಟ್ಟಿ ಇಳಿಯುತ್ತಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಹೊರಗೆ ಜಡಿಮಳೆ, ಕಿಟಕಿಯಿಂದ ಬರುತ್ತಿದ್ದದ್ದು ಥಂಡಿ ಗಾಳಿ. ನನ್ನ ಹಳ್ಳಿ ಬಂತು. ಏನೋ ಸರಿಯಿಲ್ಲ ಅನ್ನಿಸಿ ನಾನು ಇಳಿಯಲಿಲ್ಲ.

"ಯಾಕೆ, ಇಳಿಯಲ್ವಾ?" ಎಂದು ಅಪ್ಪಯ್ಯ ಹಲ್ಲು ಕಚ್ಚಿಕೊಂಡು ಕೇಳಿದ.

"ತೀರ್ಥಹಳ್ಳೀಲಿ ಕೆಲ್ಸ ಇದೆ" ಎಂದೆ.

ಮುಂದಿನ ಒಂದೂಕಾಲು ಗಂಟೆ ಅವನು ಹೇಗೆ ಬಸ್ಸು ಓಡಿಸಿದ ಎಂಬುದನ್ನು ನಾನು ಇವತ್ತಿಗೂ ಮರೆತಿಲ್ಲ. ಒಂದು ಹಳ್ಳವನ್ನೂ ಜೋರಾಗಿ ಹಾರಿಸಲಿಲ್ಲ, ಒಂದು ಸ್ಟಾಪನ್ನೂ ಬಿಡಲಿಲ್ಲ. ಹುಂಚದ ಮಠಕ್ಕೆ ಹೋಗುವವರನ್ನು ಇಳಿಸಿ, ಅವರು ಮೇಲಿಂದ ಗಂಟು ಇಳಿಸಿಕೊಳ್ಳುವವರೆಗೆ ಕಾದ. ಸಿಂಗಲ್ ರಸ್ತೆಯಲ್ಲಿ ಎದುರಿಗೆ ಬಂದ ಲಾರಿಗೆ ಜಾಗ ಬಿಟ್ಟುಕೊಟ್ಟ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿಗೆ ತಂದು ತನ್ನ ಜಾಗದಲ್ಲೇ ನೆಟ್ಟಗೆ ನಿಲ್ಲಿಸಿದ. ಜನರೆಲ್ಲ ಇಳಿದರು. ಅವನು ಮಾತ್ರ ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡು ಹಾಗೇ ಕೂತ.

"ಅಪ್ಪಯ್ಯ, ಎಂತಾಗ್ತಿದೆ ಹೇಳು."

"ಚೌಡಿ ಕಟ್ಟಿಬಿಟ್ಲು ಕಣೆ" ಎಂದ. ಧ್ವನಿಯೇ ಅವನದಲ್ಲ.

ನನಗೆ ಅರ್ಥವಾಗಲಿಲ್ಲ. ಆದರೆ ಅವನ ಕೈ ಕಿಬ್ಬೊಟ್ಟೆಯ ಮೇಲಿತ್ತು. ಆ ಕೈ ಸರಿಸಿ, ಖಾಕಿ ಅಂಗಿಯ ಮೇಲಿಂದಲೇ ನನ್ನ ಅಂಗೈ ಇಟ್ಟೆ. ಎಷ್ಟು ನೂರು ಹೊಟ್ಟೆ ಮುಟ್ಟಿದ ಕೈ ಅದು. ಎಷ್ಟು ತಿಂಗಳು, ತಲೆ ಯಾವ ಕಡೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಕೈ. ಹೊಕ್ಕುಳಿನವರೆಗೆ ಗುಂಡಗೆ, ಬಿಗಿಯಾಗಿ, ಐದು ತಿಂಗಳ ಬಸುರಿಯ ಹೊಟ್ಟೆಯಂತೆ ಏನೋ ಎದ್ದು ನಿಂತಿತ್ತು. ಹೆರಿಗೆಯಾದ ಮೇಲೆ ಒಂದಕ್ಕೆ ಹೋಗಲಾಗದೆ ಒದ್ದಾಡುವ ಬಾಣಂತಿಯರಲ್ಲಿ ಇದೇ ಗುಂಡನ್ನು ನಾನು ಎಷ್ಟೋ ಸಲ ಮುಟ್ಟಿದ್ದೆ. ಮೂತ್ರದ ಚೀಲ. ತುಂಬಿ ಕಟ್ಟಿಕೊಂಡಿತ್ತು. ಎರಡು ವರ್ಷದ ರಾತ್ರಿಗಳು, ಬಿಟ್ಟ ಕಾಫಿ, ಧೂಪದ ಮರ, ಎಲ್ಲ ಒಂದೇ ಏಟಿಗೆ ನನಗೆ ಗೊತ್ತಾಗಿಹೋಯಿತು.

ಬಸ್‌ಸ್ಟ್ಯಾಂಡಿನ ಹಿಂದೆಯೇ ಒಬ್ಬ ಹಳೆಯ ಡಾಕ್ಟರರ ಕ್ಲಿನಿಕ್ ಇತ್ತು. ಕಂಡಕ್ಟರೂ ನಾನೂ ಎರಡು ಕಡೆ ಹಿಡಿದುಕೊಂಡು ಹೋದೆವು. ಡಾಕ್ಟರು ಒಂದು ಸಲ ಮುಟ್ಟಿ ನೋಡಿ, ರಬ್ಬರ್ ನಳಿಗೆ ಕುದಿಯಲು ಇಟ್ಟರು. ಅವರ ಕಾಂಪೌಂಡರ್ ಆ ದಿನ ರಜೆ.

"ಟ್ರೇ ಹಿಡಿಯಕ್ಕೆ ಯಾರಾದ್ರೂ ಬೇಕು. ಸಿಸ್ಟರ್, ನೀವೇ ಬನ್ನಿ" ಎಂದರು.

ಬೆಂಚಿನ ಮೇಲೆ ನೋವಿನಲ್ಲಿ ಹೊರಳುತ್ತಿದ್ದ ಅಪ್ಪಯ್ಯ, "ಅವ್ಳು ಬೇಡ ಡಾಕ್ಟ್ರೇ. ಸತ್ರೂ ಬೇಡ" ಎಂದ.

ಕಂಡಕ್ಟರ್ ರಕ್ತವೆಂದರೆ ತಲೆ ತಿರುಗಿ ಬೀಳುವ ಆಸಾಮಿ. ಆಗಲೇ ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತಿದ್ದ. ನನಗೆ ಸಿಟ್ಟು ಬಂತು, ಅಳುವೂ ಬಂತು. "ನಾನು ಗೋಡೆ ಕಡೆ ತಿರುಕ್ಕಂಡು ನಿಲ್ತೀನಿ. ನೀನು ಸುಮ್ನಿರು" ಎಂದು ಗದರಿಸಿ, ಅವನಿಗೆ ಬೆನ್ನು ಮಾಡಿ, ಟ್ರೇಯನ್ನು ಹಿಂದಕ್ಕೆ ಕೈ ಚಾಚಿ ಹಿಡಿದುಕೊಂಡು ನಿಂತೆ. ಎದುರಿಗೆ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಅದರಲ್ಲಿ ಯಾವ ಚಿತ್ರವಿತ್ತು ಎಂದು ಕೇಳಿದರೆ ಇವತ್ತಿಗೂ ಗೊತ್ತಿಲ್ಲ.

ಸ್ವಲ್ಪ ಹೊತ್ತು ಡಾಕ್ಟರ ಉಸಿರು, ಅಪ್ಪಯ್ಯನ ನರಳಾಟ. ಆಮೇಲೆ ಎನಾಮಲ್ ಬೇಸಿನ್ನಿಗೆ ನೀರು ಬಿದ್ದ ಸದ್ದು. ಮೊದಲು ತೊಟ್ಟು ತೊಟ್ಟಾಗಿ, ನಂತರ ಧಾರೆಯಾಗಿ. ಅದು ನಿಲ್ಲುತ್ತಲೇ ಇಲ್ಲ. ಡಾಕ್ಟರು ನಡುನಡುವೆ ನಳಿಗೆ ಚಿವುಟಿ ಹಿಡಿದು, ಒಂದಿಷ್ಟು ತಡೆದು, ಮತ್ತೆ ಬಿಡುತ್ತಿದ್ದರು. ಒಂದು ಬೇಸಿನ್ ತುಂಬಿ ಇನ್ನೊಂದಕ್ಕೆ ಕೈ ಹಾಕಿದರು. ಒಬ್ಬ ಮನುಷ್ಯನ ಹೊಟ್ಟೆಯಲ್ಲಿ ಇಷ್ಟು ಇರಬಹುದೇ, ಇದನ್ನು ಹೊತ್ತುಕೊಂಡು ಅವನು ಐವತ್ತು ಜನರನ್ನು ಕೂರಿಸಿ ಅಷ್ಟು ದೂರ ಬಂದನೇ ಎಂದು ನಾನು ದಂಗಾಗಿ ನಿಂತಿದ್ದೆ. ನಾನು ಹೆರಿಗೆ ಮಾಡಿಸಿದ ಮಕ್ಕಳ ಮೊದಲ ಅಳುವನ್ನು ಬಿಟ್ಟರೆ ಅಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. "ಅಮ್ಮಾ" ಎಂದು ಅಪ್ಪಯ್ಯ ಉದ್ದಕ್ಕೆ ಉಸಿರು ಬಿಟ್ಟ. ಆಮೇಲೆ ಮಗುವಿನ ಹಾಗೆ ಅತ್ತ. ನಾನೂ ಗೋಡೆಯ ಕಡೆ ಮುಖ ಮಾಡಿಯೇ ಅತ್ತೆ.

ನಳಿಗೆಯನ್ನು ತೊಡೆಗೆ ಪಟ್ಟಿ ಹಾಕಿ ಅಂಟಿಸಿದ ಮೇಲೆ ಅವನು ಎಲ್ಲವನ್ನೂ ಬಾಯಿಬಿಟ್ಟ. ಒಂದಕ್ಕೆ ತಡೆಯಲಾಗದೆ ಆ ತಿರುವಿನಲ್ಲಿ ನಿಲ್ಲಿಸಿದ್ದು, ಜನ ನೋಡಿದರೆಂದು ಕೈ ಮುಗಿದ ನಾಟಕ ಆಡಿದ್ದು. ಹೋದರೆ ಬೇಗ ಬರುತ್ತಿರಲಿಲ್ಲ, ಬಂದರೂ ಎಳೆ ಎಳೆಯಾಗಿ, ಪೂರ್ತಿ ಆಗುತ್ತಿರಲಿಲ್ಲ. "ಹಿಂದೆ ಇಂಜಿನ್ ಗುರ್ ಅಂತಿರ್ತದೆ, ಇವ್ನು ಟೈಮಾಯ್ತು ಅಂತ ಕೂಗ್ತಿರ್ತಾನೆ. ಆ ಅವಸರಕ್ಕೆ ಬರೋದೂ ಒಳಗೇ ನಿಂತ್ಕತಿತ್ತು ಡಾಕ್ಟ್ರೇ." ದಿನ ಹೋದಂತೆ ಅವನಿಗೆ ಭಯ ಹತ್ತಿತ್ತು. ಚೌಡಿಯ ಗಡಿಯಲ್ಲಿ ಉಚ್ಚೆ ಹೊಯ್ದೆ, ಮೇಲಿಂದ ಸುಳ್ಳು ನಮಸ್ಕಾರ ಮಾಡಿದೆ, ಅವಳೇ ನನ್ನ ನೀರು ಕಟ್ಟುತ್ತಿದ್ದಾಳೆ ಎಂದು. ಹುಡುಗಾಟಕ್ಕೆ ಮುಗಿದ ಕೈ ನಿಜವಾಗಿ ಮುಗಿಯತೊಡಗಿದ್ದು ಹಾಗೆ. ಕೋಳಿಯ ಹರಕೆಯನ್ನೂ ಹೇಳಿಕೊಂಡಿದ್ದನಂತೆ, ನನಗೆ ತಿಳಿಯದಂತೆ.

ಡಾಕ್ಟರು ನಗಲಿಲ್ಲ. ಕೈ ತೊಳೆದು ಬಂದು ಕೂತು, ತಮ್ಮ ಎಲೆಯಡಿಕೆ ಪೆಟ್ಟಿಗೆಯಿಂದ ಒಂದು ಗೋಟಡಿಕೆ ತೆಗೆದು ಅಪ್ಪಯ್ಯನ ಅಂಗೈಯಲ್ಲಿಟ್ಟರು.

"ಹೆಚ್ಚುಕಮ್ಮಿ ಇಷ್ಟಿರ್ತದೆ, ನೋಡಿ. ಪ್ರಾಸ್ಟೇಟ್ ಅಂತ ಒಂದು ಗ್ರಂಥಿ. ಹುಟ್ಟಿದ ಗಂಡಸ್ರಿಗೆಲ್ಲ ಇರ್ತದೆ, ಮೂತ್ರದ ಚೀಲದ ಬಾಯಿ ಹತ್ರ. ಮೂತ್ರ ಬರೋ ದಾರಿ ಇದ್ರ ನಡುವೇನೇ ಹಾದು ಬರ್ಬೇಕು. ಐವತ್ತು ದಾಟಿದ ಮೇಲೆ ತುಂಬ ಜನ್ರಿಗೆ ಇದು ನಿಧಾನಕ್ಕೆ ಬೆಳೀತದೆ. ಯಾಕೆ ಅಂತ ಕೇಳ್ಬೇಡಿ, ತಲೆ ಬೆಳ್ಳಗಾದ ಹಾಗೆ. ಬೆಳೆದು ದಾರಿ ಒತ್ತಿಬಿಡ್ತದೆ. ನಿಮ್ಮ ಡೀಸೆಲ್ ಪೈಪನ್ನ ಯಾರೋ ಹಿಸುಕಿ ಹಿಡಿದ ಹಾಗೆ."

ಅಪ್ಪಯ್ಯ ಅಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಹಂಗಾರೆ ಚೌಡಿ?"

"ಚೌಡಿ ಕಟ್ಟೋದಾದ್ರೆ ಈ ದಾರೀಲಿ ಓಡಾಡೋ ಅರ್ಧ ಗಂಡಸ್ರದ್ದು ಕಟ್ಬೇಕಿತ್ತು. ಇವತ್ತು ಕಟ್ಟಿದ್ದು ನೆಗಡಿ ಮಾತ್ರೆ. ಮೊದ್ಲೇ ಇಕ್ಕಟ್ಟಾದ ದಾರಿ, ಆ ಮಾತ್ರೆ ಅದನ್ನ ಪೂರ್ತಿ ಬಿಗಿ ಮಾಡ್ತದೆ. ಯಾರು ಕೊಟ್ರು?"

ನಾನು ತಲೆ ತಗ್ಗಿಸಿದೆ. ಅಪ್ಪಯ್ಯ ನನ್ನ ಕಡೆ ನೋಡಿ, ಡಾಕ್ಟರ ಕಡೆ ತಿರುಗಿ, "ಅಂಗಡೀಲಿ ತಗಂಡೆ" ಎಂದ. ಆ ಸುಳ್ಳಿಗೆ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆಗ ಆ ಕಾಯಿಲೆಗೆ ಹೇಳಿಕೊಳ್ಳುವಂಥ ಮಾತ್ರೆಗಳಿರಲಿಲ್ಲ. ಹೀಗೆ ಪೂರ್ತಿ ಕಟ್ಟಿಕೊಂಡ ಮೇಲೆ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಬೇಕು ಎಂದರು ಡಾಕ್ಟರು. ಬಿಟ್ಟರೆ ನೀರು ಹಿಂದಕ್ಕೆ ಒತ್ತಿ ಮೂತ್ರಪಿಂಡ ಹಾಳಾಗುತ್ತದೆ, ಜೀವಕ್ಕೇ ಕುತ್ತು ಬರುತ್ತದೆ ಎಂದೂ ಹೇಳಿದರು. ಆಪರೇಷನ್ ಎಂದ ಕೂಡಲೇ ಅಪ್ಪಯ್ಯ ಎದ್ದು ಕೂತ.

"ಅದಾಗಲ್ಲ. ಟಾರ್ಗೆಟ್ ತುಂಬ್ಸಕ್ಕೆ ಅಪ್ಪನ್ನೂ ಬಿಡ್ಲಿಲ್ಲ ಅಂತಾರೆ ಇವ್ಳನ್ನ. ಮಾಲೀಕ್ರಿಗೆ ಗೊತ್ತಾದ್ರೆ ನಾಳೆನೇ ಬೇರೆಯವ್ನು ಸ್ಟೇರಿಂಗ್ ಹಿಡೀತಾನೆ. ಸ್ಟೇರಿಂಗ್ ಬಿಟ್ರೆ ನಾನು ಯಾರು ಡಾಕ್ಟ್ರೇ? ಬಸ್‌ಸ್ಟ್ಯಾಂಡ್ ಕಟ್ಟೆ ಮೇಲೆ ಕೂತು ಹಾರ್ನ್ ಕೇಳ್ಬೇಕು."

"ನಿಮ್ಗೆ ಎಂತ ಬೇಕು, ಅದು ಹೇಳಿ."

"ಬಸ್ ಓಡಿಸ್ಬೇಕು."

"ಮಾಡಿಸ್ಕಂಡ್ರೆ ಓಡಿಸ್ತೀರಿ. ಇಲ್ಲಾಂದ್ರೆ ಈ ನಳಿಗೆ ಕಟ್ಕಂಡು ಎಲ್ಲಿಗೆ ಓಡಿಸ್ತೀರಿ?"

ಅಪ್ಪಯ್ಯ ತೊಡೆಯ ಮೇಲಿನ ನಳಿಗೆ ನೋಡಿಕೊಂಡ. ಆ ಅಡಿಕೆಯನ್ನು ಜೇಬಿಗೆ ಹಾಕಿಕೊಂಡು, "ಆಯ್ತು" ಎಂದ.

ಶಿವಮೊಗ್ಗದಲ್ಲಿ ಮೊದಲು ರಕ್ತ ಪರೀಕ್ಷೆ, ಎಕ್ಸ್‌ರೇ. ಮೂತ್ರಪಿಂಡ ದಣಿದಿದೆ, ಕೆಟ್ಟಿಲ್ಲ ಎಂದರು. ನಳಿಗೆಯಲ್ಲೇ ಹತ್ತು ದಿನ ಬಿಟ್ಟು, ಅದು ಸುಧಾರಿಸಿಕೊಂಡ ಮೇಲೆ ಆಪರೇಷನ್. ರಕ್ತ ಕಂಡರೆ ಬೀಳುವ ಕಂಡಕ್ಟರ್ ಕಣ್ಣಿಗೆ ಟವೆಲು ಕಟ್ಟಿಕೊಂಡು ಮಲಗಿ ಒಂದು ಬಾಟಲಿ ರಕ್ತ ಕೊಟ್ಟ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರಿಂದ ಅಪ್ಪಯ್ಯನಿಗೆ ಎಚ್ಚರವಿತ್ತು. ಒಳಗೆ ಡಾಕ್ಟರುಗಳು ಏನು ಮಾತಾಡಿದರು ಎಂದು ಆಮೇಲೆ ನನಗೇ ವರದಿ ಕೊಟ್ಟ. ಅದರಲ್ಲಿ ಅರ್ಧ, ಒಬ್ಬ ಡಾಕ್ಟರ ಮಗಳ ಮದುವೆಯ ಊಟದ ಸಮಾಚಾರ.

ನಾನೂ ಅದೇ ಇಲಾಖೆಯವಳೆಂದು ಸರ್ಜನ್ ನನ್ನನ್ನು ಕರೆದು ತೆಗೆದದ್ದನ್ನು ತೋರಿಸಿದರು. ಕಿಬ್ಬೊಟ್ಟೆ ಕೊಯ್ದು, ಮೂತ್ರದ ಚೀಲ ಬಿಡಿಸಿ, ಬರೀ ಬೆರಳಿನಿಂದ ಸುಲಿದು ತೆಗೆಯುತ್ತೇವೆ ಎಂದರು, ಕಿತ್ತಳೆಯ ಸಿಪ್ಪೆಯಿಂದ ತೊಳೆ ಬಿಡಿಸಿದ ಹಾಗೆ. ಟ್ರೇಯಲ್ಲಿ ಎರಡು ಮೂರು ಗುಂಡು ತುಂಡುಗಳು, ನಸುಗೆಂಪು, ಸೇರಿಸಿದರೆ ದೊಡ್ಡ ನಿಂಬೆಹಣ್ಣಿನಷ್ಟು. ನಾನು ಅದನ್ನು ನೋಡುತ್ತ ನಿಂತೇ ಬಿಟ್ಟೆ. ಇಷ್ಟು ಸಣ್ಣ ವಸ್ತು ನನ್ನ ಅಪ್ಪನನ್ನು ಎರಡು ವರ್ಷ ನೀರು ಕುಡಿಯದಂತೆ ಮಾಡಿತ್ತು, ನಾಸ್ತಿಕನನ್ನು ಮಂಡಿಯೂರಿಸಿತ್ತು, ದಿಕ್ಕಿಲ್ಲದ ಒಂದು ಕಲ್ಲಿಗೆ ದಿನಪೂಜೆ ತಂದುಕೊಟ್ಟಿತ್ತು. ಹೆಂಗಸರ ಗರ್ಭಕೋಶ ಸೇಬಿನಷ್ಟರಿಂದ ಕುಂಬಳದಷ್ಟಾಗುವುದನ್ನು ದಿನಾ ನೋಡಿ ಬೆರಗಾಗುವವಳು ನಾನು. ಗಂಡಸರೊಳಗೂ ಹೀಗೊಂದು, ಯಾರಿಗೂ ಹೇಳದೆ, ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಅಲ್ಲ ಎಂದು ಬಂತು.

ಆಮೇಲಿನ ಹನ್ನೆರಡು ದಿನ ನನ್ನ ಕಣ್ಣು ಮಂಚದ ಕೆಳಗಿನ ಬಾಟಲಿಯ ಮೇಲೇ. ಮೊದಲ ದಿನ ದಾಸವಾಳದ ಕೆಂಪು, ಆಮೇಲೆ ಗುಲಾಬಿ, ಆಮೇಲೆ ಸಪ್ಪೆ ಚಹಾ. ಕಡೆಗೊಂದು ಬೆಳಿಗ್ಗೆ ತಿಳಿಯಾದ ಹಳದಿ. ನಳಿಗೆ ತೆಗೆದ ದಿನ ಅಪ್ಪಯ್ಯ ಗೋಡೆ ಹಿಡಿದುಕೊಂಡು ಆಸ್ಪತ್ರೆಯ ಬಚ್ಚಲಿಗೆ ಹೋದ. ನಾನು ಹೊರಗೆ ನಿಂತಿದ್ದೆ. ತಗಡಿನ ಬಾಗಿಲ ಆಚೆಯಿಂದ ಸದ್ದು ಬಂತು, ಎಡೆಬಿಡದೆ, ಒಂದೇ ಧಾರೆಯಲ್ಲಿ. ಬಾಗಿಲು ತೆರೆದು ಬಂದವನ ಮುಖ ನೋಡಬೇಕಿತ್ತು. ಯಾವುದೋ ಕೋಟೆ ಗೆದ್ದುಕೊಂಡು ಬಂದವನ ಮುಖ.

"ಕೇಳ್ತಾ?" ಎಂದ.

"ಕೇಳ್ತು" ಎಂದೆ. ನಮ್ಮಿಬ್ಬರ ನಡುವೆ ಇದ್ದ ನಾಚಿಕೆ ಅಲ್ಲಿಗೆ ಮುಗಿಯಿತು.

ಮೂರು ತಿಂಗಳು ಮನೆಯಲ್ಲಿರಬೇಕು, ಭಾರ ಎತ್ತಬಾರದು, ಕುಲುಕಾಟ ಕೂಡದು ಎಂದಿದ್ದರು. ಮಾಲೀಕರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದಷ್ಟೇ ಹೇಳಿದ್ದ ಕಂಡಕ್ಟರ್. ಬಸ್ಸಿಗೆ ಒಬ್ಬ ಹೊಸ ಡ್ರೈವರ್ ಬಂದ. ಚುರುಕಿನ ಯುವಕ, ಟೈಮೆಂದರೆ ಟೈಮು. ಅಪ್ಪಯ್ಯ ಜಗಲಿಯಲ್ಲಿ ಕೂತು, ಬಸ್ಸು ಹೋಗುವ ಹೊತ್ತಿಗೆ ಹಾರ್ನ್ ಕೇಳಿ, "ಗೇರ್ ತಡವಾಗಿ ಬದಲಾಯಿಸ್ತಾನೆ" ಎಂದು ಗೊಣಗುತ್ತಿದ್ದ. ಕಟ್ಟೆಯ ಮೇಲಿನ ಆ ಹಳೇ ಡ್ರೈವರೇ ನನ್ನ ಕಣ್ಣ ಮುಂದೆ ಬರುತ್ತಿದ್ದ. ಬಸ್ಸು ಇನ್ನು ಇವನಿಗೆ ಸಿಗುವುದಿಲ್ಲ ಎಂದೇ ನನಗೆ ಅನ್ನಿಸಿತ್ತು.

ಆದರೆ ಹೊಸ ಡ್ರೈವರ್ ಚೌಡಿ ತಿರುವಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಹೆಂಗಸರು ಕಿಟಕಿಯಿಂದಲೇ ಹೂವು ಎಸೆದು ಗೊಣಗಿಕೊಂಡು ಸುಮ್ಮನಾದರು. ಮುದುಕರು ಸುಮ್ಮನಾಗಲಿಲ್ಲ. ದಿನಾ ಜಗಳ. ಕೊಡೆಯ ಯಜಮಾನರಂತೂ ಎದ್ದು ನಿಂತು, "ದೇವ್ರು ದಿಂಡ್ರು ಬ್ಯಾಡ್ವಾ ನಿಂಗೆ" ಎಂದು ಕೊಡೆಯಿಂದ ಬಸ್ಸಿನ ತಗಡು ಕುಟ್ಟುತ್ತಿದ್ದರು. ಎರಡನೆಯ ತಿಂಗಳು ಅದೇ ತಿರುವಿನ ಹತ್ತಿರ ಬಸ್ಸಿನ ಎಕ್ಸೆಲ್ ಮುರಿಯಿತು. ಚೌಡಿ ಮುನಿದಳೆಂದು ಊರೆಲ್ಲ ಸುದ್ದಿಯಾಯಿತು, ಅಲ್ಲಿಗೆ ತೀರಿತು. ಮೂರು ತಿಂಗಳು ತುಂಬಿದ ದಿನ ಮಾಲೀಕರು ತಾವೇ ನಮ್ಮ ಮನೆಗೆ ಬಂದು, "ನೀವೇ ಬನ್ನಿ ಮಾರಾಯ್ರೇ, ಆ ಮುದುಕ್ರ ಕಾಟ ತಡ್ಯಕ್ಕಾಗಲ್ಲ" ಎಂದರು. ಅಪ್ಪಯ್ಯ ಹೂಂ ಎಂದು, ಒಳಗೆ ಬಂದು ಖಾಕಿ ಅಂಗಿಗೆ ಮುಖ ಒತ್ತಿಕೊಂಡು ನಿಂತದ್ದನ್ನು ನಾನು ಅಡಿಗೆಮನೆಯಿಂದ ನೋಡಿದೆ.

ಮೊದಲ ದಿನ ಬಸ್ಸು ತುಂಬಿತ್ತು. ನಾನು ನನ್ನ ಮಾಮೂಲಿ ಸೀಟಿನಲ್ಲಿದ್ದೆ. ಅಪ್ಪಯ್ಯ ಎರಡು ಲೋಟ ಕಾಫಿ ಕುಡಿದು ಹತ್ತಿದ್ದ. ಇನ್ನು ಸುಳ್ಳು ನಮಸ್ಕಾರ ಬೇಡ, ಟೈಮಿಗೆ ಸರಿಯಾಗಿ ಹೋಗುತ್ತೇನೆ ಎಂದು ಮನೆಯಲ್ಲೇ ನನಗೆ ಹೇಳಿದ್ದ. ತಿರುವು ಬಂತು. ಗೇರು ಇಳಿಸಿ, ನಿಲ್ಲಿಸದೆ ಮುಂದಕ್ಕೆ ಬಿಟ್ಟ.

ಹಿಂದಿನಿಂದ ಗಲಾಟೆ ಎದ್ದಿತು. ಆಗಲೇ ಎದ್ದು ಬಾಗಿಲಲ್ಲಿ ನಿಂತಿದ್ದ ಕೊಡೆಯ ಯಜಮಾನರು ಜನರನ್ನು ಸರಿಸಿಕೊಂಡು ಮುಂದೆ ಬಂದು, ಅಪ್ಪಯ್ಯನ ಕಿವಿಯ ಹತ್ತಿರ ಬಗ್ಗಿದರು. ಜಗಳಕ್ಕೆ ಬಂದರೆಂದು ನಾನು ಸೆಟೆದು ಕೂತೆ. ಅವರು ಬಹಳ ಮೆಲ್ಲಗೆ ಹೇಳಿದರು.

"ಕಂಡಕ್ಟರ್ ಎಲ್ಲಾ ಹೇಳ್ದ. ನಿಮ್ದೇನೋ ಗುಣ ಆಯ್ತು ಡ್ರೈವರ್ರೇ. ನಮ್ದು?"

ಅಪ್ಪಯ್ಯ ಬ್ರೇಕ್ ಒತ್ತಿದ. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣನ್ನು ಹುಡುಕಿತು. ಬಸ್ಸನ್ನು ನಿಧಾನವಾಗಿ ಹಿಂದಕ್ಕೆ ತಂದು ಮರದ ಬುಡದಲ್ಲಿ ನಿಲ್ಲಿಸಿದ.

ಹೆಂಗಸರು ಹೂವು ಹಿಡಿದು ಕಲ್ಲಿನ ಕಡೆ ಹೋದರು. ಇಷ್ಟು ದಿನ ನಾನು ನೋಡಿದ್ದು ಕಲ್ಲಿನ ಕಡೆಯ ಕಿಟಕಿಯಿಂದ ಮಾತ್ರ. ಆ ದಿನ ಎದ್ದು ಮರದ ಕಡೆಯ ಕಿಟಕಿಗೆ ಬಂದು ನೋಡಿದೆ. ಮುದುಕರು ಒಬ್ಬೊಬ್ಬರಾಗಿ ಇಳಿದು, ಯಾರ ಮುಖವನ್ನೂ ನೋಡದೆ, ಮರದ ಆಚೆಯ ಇಳಿಜಾರಿಗೆ ಹೋಗಿ ದೂರ ದೂರ ನಿಂತರು. ಕಂಕುಳಲ್ಲಿ ಕೊಡೆ, ಹೆಗಲ ಮೇಲೆ ಟವೆಲು. ಒಬ್ಬರು ಒಂದು ಕೈಯಲ್ಲಿ ಗಿಡ ಹಿಡಿದುಕೊಂಡು ತಲೆ ತಗ್ಗಿಸಿದ್ದರು. ಹೊತ್ತು ಹೋಗುತ್ತಿತ್ತು, ಅವರು ನಿಂತೇ ಇದ್ದರು. ಎಷ್ಟು ಹೊತ್ತು ನಿಂತರೆ ಅದು ಏನು ಎಂದು ನನಗೆ ಈಗ ಗೊತ್ತಿತ್ತು. ಇವರಲ್ಲಿ ನಾಲ್ವರ ಮನೆಯ ಹೆರಿಗೆ ಮಾಡಿಸಿದವಳು ನಾನು. ಅವರ ಸೊಸೆಯಂದಿರ ಹೊಟ್ಟೆ ಮುಟ್ಟಿ ನೋಡುವಾಗ ಇವರು ಪಡಸಾಲೆಯಲ್ಲಿ ಇದೇ ಕಷ್ಟ ಅದುಮಿಕೊಂಡು ಕೂತಿದ್ದರು. ಅದರ ಮುಂದಿನ ತಿಂಗಳಿನಿಂದ ಒಬ್ಬೊಬ್ಬರನ್ನಾಗಿ ಅಪ್ಪಯ್ಯ ತಾನೇ ತೀರ್ಥಹಳ್ಳಿಯ ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ, ಜೇಬಿನಲ್ಲಿ ಆ ಗೋಟಡಿಕೆ ಇಟ್ಟುಕೊಂಡು. ಆ ಬೆಳಿಗ್ಗೆ ಮಾತ್ರ ನಾನು ಅವರ ಬೆನ್ನುಗಳನ್ನು ಒಂದೊಂದಾಗಿ ಎಣಿಸುತ್ತ ನಿಂತಿದ್ದೆ.

"ಎಷ್ಟು ಜನ?" ಎಂದು ಅಪ್ಪಯ್ಯ ಸ್ಟೇರಿಂಗ್ ಹಿಡಿದುಕೊಂಡೇ ಕೇಳಿದ.

"ಏಳು."

"ನಾನೊಬ್ನೇ ಅಂದ್ಕಂಡಿದ್ದೆ ಕಣೆ" ಎಂದ.

ಬಾಗಿಲಲ್ಲಿದ್ದ ಕಂಡಕ್ಟರ್ ಮರದ ಕಡೆ ತಿರುಗಿ, ಟೈಮಾಯ್ತು ಎಂದು ಕೂಗಲು ಬಾಯಿ ತೆರೆದ. ಅಪ್ಪಯ್ಯ ಕೈ ಎತ್ತಿ ಅವನನ್ನು ತಡೆದ. ಆಮೇಲೆ ಬಗ್ಗಿ ಇಂಜಿನ್ ಆಫ್ ಮಾಡಿದ.

"ಅಣ್ಣಾ, ಆಫ್ ಮಾಡಿದ್ರೆ ತಳ್ಬೇಕಾಗ್ತದಲ್ಲ" ಎಂದ ಕಂಡಕ್ಟರ್.

"ತಳ್ಳಿದ್ರಾಯ್ತು" ಎಂದ ಅಪ್ಪಯ್ಯ. "ಅವ್ರು ನಿಧಾನಕ್ಕೆ ಬರ್ಲಿ."